ನಾಯಿಯ ಜೊತೆ ಬೆಳಗಿನ ಒಂದು ಗಂಟೆ

ಗೂಟದಿಂದ ಹಾರ್ನೆಸ್ (ಎದೆಗೂ ಬೆನ್ನಿಗೂ ಸುತ್ತುವ ಪಟ್ಟಿ) ತೆಗೆಯುವ ಸದ್ದಿಗೇ ನಾಯಿ ಎದ್ದು ಬಾಗಿಲ ಹತ್ತಿರ ಬಂದು ನಿಂತಿರುತ್ತದೆ. 3 ವರ್ಷದ ಲ್ಯಾಬ್ರಡಾರ್, 30 ಕೆ.ಜಿ. ತೂಕ, ಬೆಳಗ್ಗೆ 6 ಗಂಟೆ ಎಂದಿಟ್ಟುಕೊಳ್ಳೋಣ. ಬೆಳಗಿನ ಊಟ ಇನ್ನೂ ಹಾಕಿಲ್ಲ, ಹಾಕಲೂಬಾರದು. ಎದೆಗೂಡು ಆಳವಾಗಿರುವ ದೊಡ್ಡ ತಳಿಗಳಲ್ಲಿ ಹೊಟ್ಟೆ ಗಾಳಿ ತುಂಬಿಕೊಂಡು ತಿರುಚಿಕೊಳ್ಳುವ ಅಪಾಯವಿರುತ್ತದೆ. ಹಾಗಾಗಿ ಹೊಟ್ಟೆ ತುಂಬ ತಿನ್ನಿಸಿ ಓಡಿಸುವ ಅಭ್ಯಾಸ ಬೇಡ. ವಾಕಿಂಗ್ ಮುಗಿದು ಏದುಸಿರು ಪೂರ್ತಿ ತಗ್ಗಿದ ಮೇಲೆ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಊಟ. ಹೊಟ್ಟೆ ಉಬ್ಬಿ, ವಾಂತಿ ಬಂದಂತೆ ಮಾಡಿಯೂ ಏನೂ ಹೊರಬರದೆ ನಾಯಿ ಚಡಪಡಿಸಿದರೆ ಸಂಜೆವರೆಗೆ ಕಾಯಬಾರದು. ಆ ಕ್ಷಣವೇ ಡಾಕ್ಟರ ಹತ್ತಿರ ಓಡಬೇಕು.

ಹಾರ್ನೆಸ್ ಹಾಕಿದ ಮೇಲೆ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡಿ. ತೂರದಿದ್ದರೆ ಕಂಕುಳಲ್ಲಿ ಉಜ್ಜಿ ಕೂದಲು ಉದುರುತ್ತದೆ. ತೀರಾ ಸಡಿಲವಿದ್ದರೆ ಪಟಾಕಿ ಸದ್ದಿಗೆ ಬೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಂಡು ಓಡಿಹೋಗುತ್ತದೆ. ಎಳೆಯುವ ನಾಯಿಗೆ ಬರೀ ಕುತ್ತಿಗೆ ಬೆಲ್ಟ್ ಸಾಲದು. ಜಗ್ಗಿದಾಗಲೆಲ್ಲ ಶ್ವಾಸನಾಳ ಅದುಮಿ ಕೆಮ್ಮು ಬರುತ್ತದೆ. ಹಗ್ಗ ಎರಡು ಮೀಟರ್ ಇದ್ದರೆ ಸಾಕು. ಅದನ್ನು ಬೆರಳುಗಳಿಗೆ ಸುತ್ತಿಕೊಳ್ಳಬೇಡಿ, ಒಂದೇ ಜಗ್ಗಿಗೆ ಬೆರಳು ಮುರಿದೀತು.

ಮೊದಲ 5 ನಿಮಿಷ ನಿಧಾನ ನಡಿಗೆ. ರಾತ್ರಿಯಿಡೀ ಮಲಗಿದ್ದ ಸ್ನಾಯು, ಕೀಲುಗಳು ಬಿಸಿಯಾಗಬೇಕು. ಅಷ್ಟರಲ್ಲಿ ಮೊದಲ ಕಂಬ ಬರುತ್ತದೆ, ನಾಯಿ ನಿಲ್ಲುತ್ತದೆ. ಹೆಚ್ಚಿನವರು ತಪ್ಪು ಮಾಡುವುದೇ ಇಲ್ಲಿ: ಗಡಿಯಾರ ನೋಡಿಕೊಂಡು ಹಗ್ಗ ಎಳೆಯುತ್ತಾರೆ. ಎಳೆಯದೆ ಬಗ್ಗಿ ಅದರ ಮೂಗನ್ನೊಮ್ಮೆ ನೋಡಿ. ಹೊಳ್ಳೆಗಳ ಪಕ್ಕದಲ್ಲಿ ಸಣ್ಣ ಸೀಳುಗಳಿವೆ. ಮೂಸುವಾಗ ಗಾಳಿ ಮುಂದಿನಿಂದ ಒಳಹೋಗುತ್ತದೆ, ಹೊರಬಿಡುವ ಉಸಿರು ಆ ಸೀಳುಗಳಿಂದ ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಮೂಸುತ್ತಿರುವ ವಾಸನೆಯನ್ನು ತನ್ನ ಉಸಿರಿನಿಂದಲೇ ಊದಿ ಹಾಳುಮಾಡಿಕೊಳ್ಳುವುದಿಲ್ಲ. ಯಾವ ನಾಯಿ ಬಂದಿತ್ತು, ಗಂಡೋ ಹೆಣ್ಣೋ, ಯಾವಾಗ ಬಂದಿತ್ತು ಎಂದು ಅದು ಓದುತ್ತಿದೆ. ಈ ಓದು ನಾಯಿಯ ತಲೆಗೆ ಕೆಲಸ, ಮೈಗೆ ನಡಿಗೆ ಇದ್ದಂತೆ. ಕಂಬಕಂಬಕ್ಕೂ ನಿಂತು ಮೂಸಿಬಂದ ನಾಯಿ ಮನೆಯಲ್ಲಿ ಶಾಂತವಾಗಿ ಮಲಗುತ್ತದೆ. ಅಷ್ಟೇ ದೂರ ಎಳೆಸಿಕೊಂಡು ಬಂದದ್ದು ಚಪ್ಪಲಿ ಹುಡುಕುತ್ತದೆ. ಒಟ್ಟು ಸಮಯದ ಮೂರನೇ ಒಂದು ಪಾಲನ್ನಾದರೂ ಮೂಸಲು ಬಿಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ 20 ನಿಮಿಷ ಚುರುಕು ನಡಿಗೆ, ನಾಯಿ ಸಣ್ಣಗೆ ಕುಪ್ಪಳಿಸುವ ವೇಗದಲ್ಲಿ. ಹೃದಯಕ್ಕೆ, ಹಿಂಗಾಲಿನ ಸ್ನಾಯುಗಳಿಗೆ ಸಿಗುವ ಕಸರತ್ತು ಇದೇ. ಕರುಳು ಚಲಿಸಿ ಮಲ ಸಲೀಸಾಗಿ ಹೋಗುತ್ತದೆ, ಮೂತ್ರ ಕಟ್ಟಿಕೊಂಡು ಕೂರುವುದು ತಪ್ಪುತ್ತದೆ. ತೂಕದ ಲೆಕ್ಕಕ್ಕೆ ತಕ್ಕಡಿಗಿಂತ ಕೈ ಒಳ್ಳೆಯದು. ಪಕ್ಕೆಲುಬಿನ ಮೇಲೆ ಅಂಗೈ ಹಗುರವಾಗಿ ಆಡಿಸಿದಾಗ ಎಲುಬುಗಳು ಒಂದೊಂದಾಗಿ ಸಿಗಬೇಕು. ಒತ್ತಿ ಹುಡುಕಬೇಕಾದರೆ ಕೊಬ್ಬು ಹೆಚ್ಚಾಗಿದೆ. ಆದರೆ ನಡಿಗೆಯೊಂದರಿಂದಲೇ ತೂಕ ಇಳಿಯುವುದಿಲ್ಲ, ಬಟ್ಟಲನ್ನೂ ಅಳೆಯಬೇಕು. 48 ಲ್ಯಾಬ್ರಡಾರ್‌ಗಳನ್ನು ಬದುಕಿನುದ್ದಕ್ಕೂ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶೇ. 25ರಷ್ಟು ಕಡಿಮೆ ತಿಂದು ತೆಳ್ಳಗಿದ್ದ ನಾಯಿಗಳು ಜೊತೆಯವಕ್ಕಿಂತ ಸುಮಾರು 2 ವರ್ಷ ಹೆಚ್ಚು ಬಾಳಿದವು. ಕೀಲುನೋವು ಕೂಡ ಅವಕ್ಕೆ ತಡವಾಗಿ ಬಂತು.

ಮೈದಾನ ಸಿಕ್ಕಿತೆಂದು ಚೆಂಡನ್ನು ಐವತ್ತು ಸಲ ಎಸೆಯುವವರಿದ್ದಾರೆ. ನಾಯಿ ಬೇಡ ಎನ್ನುವುದಿಲ್ಲ, ಅದೇ ತೊಂದರೆ. ಪೂರ್ತಿ ವೇಗದಲ್ಲಿ ಓಡಿ, ಥಟ್ಟನೆ ನಿಂತು, ಹಿಂಗಾಲ ಮೇಲೆ ಗಿರ್ರನೆ ತಿರುಗುವಾಗ ಮಂಡಿಯ ಒಳಗೆ ಎಲುಬುಗಳನ್ನು ಬಿಗಿದಿಡುವ ಅಸ್ಥಿರಜ್ಜು ಹರಿಯಬಹುದು, ಮೈ ದಪ್ಪಗಿದ್ದರಂತೂ ಇನ್ನೂ ಬೇಗ. ಏಳೆಂಟು ಎಸೆತ ಸಾಕು. ಚೆಂಡು ನೆಲಕ್ಕೆ ತಾಗಿ ಉರುಳಲಿ, ಗಾಳಿಯಲ್ಲಿ ನೆಗೆದು ಹಿಡಿಯುವಂತೆ ಎಸೆಯಬೇಡಿ. ಕೋಲು ಎಸೆಯಲೇಬೇಡಿ, ತುದಿ ಗಂಟಲಿಗೆ ಚುಚ್ಚುತ್ತದೆ.

ಸುಸ್ತು ಮೊದಲು ಗೊತ್ತಾಗುವುದು ನಾಲಿಗೆಯಲ್ಲಿ. ಸಾಧಾರಣ ಏದುಸಿರಿನಲ್ಲಿ ನಾಲಿಗೆ ತೆಳ್ಳಗೆ ಜೋತಿರುತ್ತದೆ. ಮೈ ಕಾದಾಗ ತುದಿ ಅಗಲವಾಗಿ ಸೌಟಿನಂತೆ ಹರಡುತ್ತದೆ, ಜೊಲ್ಲು ಅಂಟಾಗುತ್ತದೆ, ನಾಯಿ ಹಿಂದುಳಿದು ನೆರಳು ಹುಡುಕುತ್ತದೆ. ನಮ್ಮಂತೆ ಮೈಯೆಲ್ಲ ಬೆವರಿ ತಣ್ಣಗಾಗುವ ದಾರಿ ಅದಕ್ಕಿಲ್ಲ, ಏದುಸಿರೇ ಗತಿ. ನಾಯಿಯ ಸಹಜ ತಾಪ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಕುತ್ತು. ತೂರಾಡಿದರೆ, ಕುಸಿದರೆ, ಅಲ್ಲೇ ನಲ್ಲಿ ನೀರನ್ನು ಮೈಮೇಲೆ ಸುರಿಯುತ್ತಲೇ ಗಾಳಿ ಬೀಸಬೇಕು, ಆಮೇಲೆ ಆಸ್ಪತ್ರೆ. ಒದ್ದೆ ಟವೆಲ್ ಹೊದಿಸಿಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವಕ್ಕೆ ಉಸಿರಿನ ದಾರಿಯೇ ಕಿರಿದು. ಅವಕ್ಕೆ ತಂಪು ಹೊತ್ತಿನಲ್ಲಿ ಚಿಕ್ಕ ಚಿಕ್ಕ ಸುತ್ತುಗಳು ಮಾತ್ರ. ಬಿಸಿಲೇರಿದ ಮೇಲೆ ಹೊರಡಬೇಕಾದರೆ ಅಂಗೈಯ ಹಿಂಭಾಗವನ್ನು ಟಾರು ರಸ್ತೆಗೆ ಊರಿ 7 ಎಣಿಸಿ. ನಿಮ್ಮ ಕೈ ತಡೆಯದ ಕಡೆ ಅದರ ಪಾದವೂ ಸುಡುತ್ತದೆ.

ಇದೇ ಲೆಕ್ಕ ಮರಿಗೆ ಹೊಂದುವುದಿಲ್ಲ. ದೊಡ್ಡ ತಳಿಗಳಲ್ಲಿ ಎಲುಬಿನ ತುದಿಯ ಮೆದುಭಾಗ ಗಟ್ಟಿಯಾಗಲು 12ರಿಂದ 18 ತಿಂಗಳು ಬೇಕು. ಅಲ್ಲಿಯವರೆಗೆ ಜಾಗಿಂಗ್, ಎತ್ತರದಿಂದ ಜಿಗಿಸುವುದು ಬೇಡ. ಹುಲ್ಲಿನ ಮೇಲೆ ಆಡಿ, ಸಾಕಾದಾಗ ತಾನೇ ಮಲಗಲಿ. ಲಸಿಕೆ ಮುಗಿಯುವ ಮುನ್ನ ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಇಳಿಸಬೇಡಿ, ಪಾರ್ವೊ ಎಂಬ ಮಾರಕ ವೈರಸ್ ರೋಗ ಅಲ್ಲಿಂದಲೇ ಬರುತ್ತದೆ. ವಯಸ್ಸಾದ ನಾಯಿಯನ್ನು ನೋವೆಂದು ಮೂಲೆಯಲ್ಲಿ ಕೂರಿಸಿದರೆ ಕೀಲು ಮತ್ತಷ್ಟು ಬಿಗಿಯುತ್ತದೆ. 10-15 ನಿಮಿಷದಂತೆ ದಿನಕ್ಕೆ ಮೂರು ಸಲ ಸಾಕು. ಮರುದಿನ ಕುಂಟಿದರೆ ಹಿಂದಿನ ದಿನ ಹೆಚ್ಚಾಯಿತೆಂದೇ ಅರ್ಥ. ವಾರವಿಡೀ ಕಟ್ಟಿಹಾಕಿ ಭಾನುವಾರ ಎರಡು ತಾಸು ಓಡಿಸುವುದು ಎಲ್ಲ ವಯಸ್ಸಿಗೂ ಕೆಟ್ಟದ್ದು. ಸಜ್ಜಾಗದ ಸ್ನಾಯು ಒಮ್ಮೆಲೇ ಭಾರ ಹೊರುವಾಗಲೇ ಉಳುಕುವುದು. ಮಳೆ ಬಂದರೆ ಒಣ ಊಟದ ಕಾಳುಗಳನ್ನು ಹಳೆ ಟವೆಲಿನ ಮಡಿಕೆಗಳಲ್ಲಿ ಬಚ್ಚಿಟ್ಟು ಮೂಗಿಗಾದರೂ ಕೆಲಸ ಕೊಡಿ.

ಕೊನೆಯ 5 ನಿಮಿಷ ಮತ್ತೆ ನಿಧಾನ. ಮನೆಗೆ ಬಂದೊಡನೆ ನೀರು, ಒಂದೇ ಸಲ ಬಕೆಟ್ ಇಡದೆ ಸ್ವಲ್ಪಸ್ವಲ್ಪ. ಏದುಸಿರು ಹತ್ತು ನಿಮಿಷದೊಳಗೆ ಇಳಿಯತೊಡಗಬೇಕು. ಆಗ ಕೂರಿಸಿಕೊಂಡು ಕಿವಿಯ ಮಡಿಕೆ, ಬೆಲ್ಟಿನ ಕೆಳಗೆ, ಕಂಕುಳು, ಬೆರಳ ಸಂದಿಗಳಲ್ಲಿ ಕೈಯಾಡಿಸಿ. ಬೇಳೆಯಷ್ಟು ದಪ್ಪ ಏನೋ ತಡೆದರೆ ಕೂದಲು ಬಿಡಿಸಿ ನೋಡಿ, ರಕ್ತ ಹೀರುವ ಉಣ್ಣೆ ಹುಳವಿರುತ್ತದೆ. ಎಣ್ಣೆ ಹಚ್ಚಬೇಡಿ, ಬೆಂಕಿ ತೋರಿಸಬೇಡಿ. ಚಿಮಟದಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನಿಧಾನವಾಗಿ, ನೇರವಾಗಿ ಎಳೆಯಿರಿ. ಅಷ್ಟು ಹೊತ್ತು ನಾಯಿ ಅಲುಗದೆ ಮೈಚಾಚಿ ಮಲಗಿರುತ್ತದೆ. ನಡೆದು ಬಂದಿದೆಯಲ್ಲ.