ಮೂರು ಅಂಕಣದ ಹಾಳೆ

ಕ್ಯಾಲಿಫೋರ್ನಿಯಾದ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ತರಗತಿ ಸಹಾಯಕಿಯಾಗಿ ಸೇರಿದ ಮೊದಲ ತಿಂಗಳಲ್ಲೇ ಮೂರು ಅಂಕಣಗಳ ಹಾಳೆಯೊಂದನ್ನು ನನ್ನ ಕೈಗೆ ಕೊಟ್ಟು, ಮೂರನೇ ತರಗತಿಯ ಒಬ್ಬ ಹುಡುಗನನ್ನು ಎರಡು ವಾರ ಗಮನಿಸುವಂತೆ ಹೇಳಿದರು. ತೊಂದರೆ ಆರಂಭವಾಗುವ ಮುಂಚೆ ಏನಾಯಿತು, ಹುಡುಗ ಏನು ಮಾಡಿದ, ಆಮೇಲೆ ಏನಾಯಿತು, ಇಷ್ಟನ್ನೇ ಬರೆಯಬೇಕಿತ್ತು. ದಾವಣಗೆರೆ ಜಿಲ್ಲೆಯಲ್ಲಿ ಆರು ವರ್ಷ ಪಾಠ ಮಾಡಿ ಬಂದವಳಿಗೆ ಇದೇನು ಮಹಾ ಎಂದುಕೊಂಡು ಮಧ್ಯದ ಅಂಕಣದಲ್ಲಿ ‘ಸಿಟ್ಟು ಬಂದು ಹಠ ಹಿಡಿದ’ ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಶಾಲೆಯ ಮನಃಶಾಸ್ತ್ರಜ್ಞೆ ಅದರ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಸಿಟ್ಟು ಕಣ್ಣಿಗೆ ಕಾಣುವುದಿಲ್ಲ, ಕಂಡದ್ದನ್ನು ಬರೆಯಿರಿ ಎಂದರು. ಮಾರನೆಯ ದಿನ ಹೀಗೆ ಬರೆದೆ: ಹಾಳೆಯನ್ನು ಎರಡು ತುಂಡು ಮಾಡಿದ, ಮೇಜಿನ ಕೆಳಗೆ ಹೋದ, ನಾಲ್ಕು ನಿಮಿಷ ಅಲ್ಲೇ ಇದ್ದ.

ಇಲ್ಲಿ ಇದನ್ನು ಫಂಕ್ಷನಲ್ ಬಿಹೇವಿಯರ್ ಅಸೆಸ್‌ಮೆಂಟ್, ಅಂದರೆ ನಡವಳಿಕೆಯ ಉದ್ದೇಶವನ್ನು ಹುಡುಕುವ ಮೌಲ್ಯಮಾಪನ ಎನ್ನುತ್ತಾರೆ, ಮಾತಿನಲ್ಲಿ ಎಫ್‌ಬಿಎ. ಮಗುವಿನ ಸ್ವಭಾವ ಎಂಥದ್ದೆಂದು ಅದು ಕೇಳುವುದಿಲ್ಲ. ಈ ನಡವಳಿಕೆಯಿಂದ ಮಗುವಿಗೆ ಏನು ದಕ್ಕುತ್ತಿದೆ ಎಂದು ಕೇಳುತ್ತದೆ. ಯಾರದ್ದಾದರೂ ಗಮನ ಸಿಗುತ್ತಿರಬಹುದು, ಬೇಕಾದ ವಸ್ತು ಸಿಗುತ್ತಿರಬಹುದು, ಬೇಡದ ಕೆಲಸ ತಪ್ಪುತ್ತಿರಬಹುದು, ಇಲ್ಲವೇ ಆ ಕ್ರಿಯೆಯೇ ಮೈಗೆ ಹಿತವೆನಿಸುತ್ತಿರಬಹುದು. ನಮ್ಮ ಹುಡುಗನ ವಿಷಯದಲ್ಲಿ ಎರಡು ವಾರಗಳಲ್ಲಿ ಹದಿನಾಲ್ಕು ಘಟನೆಗಳು ದಾಖಲಾದವು. ಅವುಗಳಲ್ಲಿ ಹನ್ನೊಂದು ಬರವಣಿಗೆಯ ಅವಧಿಯಲ್ಲಿ, ಬಾಯಿಲೆಕ್ಕದ ಹೊತ್ತಿನಲ್ಲಿ ಒಂದೂ ಇಲ್ಲ. ಪ್ರತಿಸಲವೂ ಅವನನ್ನು ಕಚೇರಿಗೆ ಕಳುಹಿಸಲಾಗುತ್ತಿತ್ತು. ಅಲ್ಲಿ ಅವನು ಸದ್ದಿಲ್ಲದೆ ಕೂತು ಮೀನಿನ ತೊಟ್ಟಿ ನೋಡುತ್ತಿದ್ದ. ನಾವು ಶಿಕ್ಷೆ ಎಂದುಕೊಂಡದ್ದು ಅವನ ಪಾಲಿಗೆ ಬರವಣಿಗೆಯಿಂದ ಬಿಡುಗಡೆಯಾಗಿತ್ತು.

ಆ ಮೂರನೇ ಅಂಕಣ ಓದಿದ ದಿನ ನನಗೆ ನೆನಪಾದದ್ದು, ಊರಿನ ಶಾಲೆಯಲ್ಲಿ ನಾನು ಮೇಲಿಂದ ಮೇಲೆ ಬಾಗಿಲಾಚೆ ನಿಲ್ಲಿಸುತ್ತಿದ್ದ ಹುಡುಗ. ಅವನು ಗಲಾಟೆ ಎಬ್ಬಿಸುತ್ತಿದ್ದದ್ದು ಬಹುತೇಕ ಉಕ್ತಲೇಖನದ ಹೊತ್ತಿನಲ್ಲೇ. ಅವನನ್ನು ಉಡಾಳ ಎಂದು ಕರೆದವರಲ್ಲಿ ನಾನೂ ಒಬ್ಬಳು.

ಅಮೆರಿಕದ ಶಾಲೆಗಳು ಇದನ್ನೆಲ್ಲ ಕೇವಲ ಒಳ್ಳೆಯತನದಿಂದ ಮಾಡುತ್ತವೆ ಎಂದು ಯಾರೂ ಭಾವಿಸಬೇಕಾಗಿಲ್ಲ; ಇದರ ಹಿಂದೆ ಕಾನೂನಿನ ಒತ್ತಡವಿದೆ. ಅಂಗವೈಕಲ್ಯವುಳ್ಳ ಮಕ್ಕಳ ಶಿಕ್ಷಣಕ್ಕೆಂದು 1975ರಲ್ಲಿ ಬಂದ ಕಾಯ್ದೆಗೆ 1997ರ ತಿದ್ದುಪಡಿಯಲ್ಲಿ ಈ ಮೌಲ್ಯಮಾಪನವೂ ಸೇರಿತು. ಅಂಥ ಮಗುವನ್ನು ಶಿಸ್ತಿನ ಕಾರಣಕ್ಕೆ ಸತತ 10 ಶಾಲಾ ದಿನಗಳಿಗಿಂತ ಹೆಚ್ಚು ಹೊರಗಿಡಲು ನಿರ್ಧರಿಸಿದರೆ, ಆ ವರ್ತನೆಗೆ ಅಂಗವೈಕಲ್ಯವೇ ಕಾರಣವೇ ಎಂಬುದನ್ನು ಪೋಷಕರನ್ನೂ ಕೂರಿಸಿಕೊಂಡು ತೀರ್ಮಾನಿಸಬೇಕು. ಹೌದೆಂದಾದರೆ ಎಫ್‌ಬಿಎ ಮತ್ತು ನಡವಳಿಕೆಯ ಯೋಜನೆ ಕಡ್ಡಾಯ. ನಮ್ಮ ಹುಡುಗನಿಗೆ ಮಾತಿನ ತೊಂದರೆಗಾಗಿ ಮೊದಲೇ ಐಇಪಿ, ಅಂದರೆ ಆ ಮಗುವಿಗೆಂದೇ ರೂಪಿಸಿದ ಶಿಕ್ಷಣ ಯೋಜನೆ ಇದ್ದುದರಿಂದ ಈ ದಾರಿ ಸುಲಭವಾಯಿತು. ಆದರೆ ಇದೇ ದೇಶದ ಸುಪ್ರೀಂ ಕೋರ್ಟು 1977ರಲ್ಲಿ, ಶಾಲೆಯಲ್ಲಿ ಕೊಡುವ ಪೆಟ್ಟು ಸಂವಿಧಾನ ನಿಷೇಧಿಸಿದ ಕ್ರೂರ ಶಿಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ಕೆಲವು ರಾಜ್ಯಗಳಲ್ಲಿ ಇಂದಿಗೂ ಅದಕ್ಕೆ ಅವಕಾಶವಿದೆ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಕೆಳಗಿಟ್ಟ ಮೇಷ್ಟರು ಅದರ ಬದಲಿಗೆ ಏನು ಮಾಡಬೇಕು ಎಂಬುದನ್ನು ಮಾತ್ರ ನಮ್ಮ ತರಬೇತಿಗಳಲ್ಲಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಯೋಜನೆ ಸರಳವಾಗಿತ್ತು. ಒಂದು ಪುಟದ ಬದಲು ಎರಡು ವಾಕ್ಯ. ಬೆರಳು ಸೋತರೆ ಕೀಬೋರ್ಡು. ಮೇಜಿನ ಮೇಲಿನ ಹಳದಿ ಕಾರ್ಡನ್ನು ಕೊಟ್ಟರೆ ಎರಡು ನಿಮಿಷ ಬಿಡುವು. ಹಾಳೆ ಹರಿದರೂ ಕಚೇರಿ ಇಲ್ಲ, ಹೊಸ ಹಾಳೆ ಬರುತ್ತದೆ. ಹಳೆಯ ದಾರಿಯಿಂದ ಫಲ ಸಿಗದಾಗ ವರ್ತನೆ ಮೊದಲು ಇನ್ನಷ್ಟು ಬಿಗಡಾಯಿಸಬಹುದು ಎಂದು ಮನಃಶಾಸ್ತ್ರಜ್ಞೆ ಎಚ್ಚರಿಸಿದ್ದರೂ, ಮೂರನೆಯ ದಿನ ಅವನು ಕುರ್ಚಿ ಉರುಳಿಸಿದಾಗ ನನ್ನ ಕಾಲು ತಾನಾಗಿ ಕಚೇರಿಯ ಕಡೆ ತಿರುಗಿತ್ತು. ನಾಲ್ಕನೆಯ ವಾರದ ಹೊತ್ತಿಗೆ ಘಟನೆಗಳು ವಾರಕ್ಕೆ ಎರಡಕ್ಕೆ ಇಳಿದವು. ಪೂರ್ತಿ ನಿಲ್ಲಲಿಲ್ಲ.

ನಲವತ್ತು ಮಕ್ಕಳ ಕೋಣೆಯಲ್ಲಿ ಒಬ್ಬ ಶಿಕ್ಷಕಿ ಇದನ್ನು ಮಾಡಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಇಲ್ಲಿ ನನ್ನಂಥ ಎರಡನೆಯ ಜೋಡಿ ಕಣ್ಣುಗಳಿರುತ್ತವೆ. ಆದರೂ ಮಗು ಯಾವ ಪಾಠದ ಹೊತ್ತಿನಲ್ಲಿ ಕೆಡುತ್ತದೆ ಎಂಬುದೊಂದನ್ನು ಹಾಜರಿ ಪುಸ್ತಕದ ಅಂಚಿನಲ್ಲಿ ಗುರುತು ಹಾಕಲು ಯಾವ ಸಹಾಯಕಿಯೂ ಬೇಕಿಲ್ಲ.

ಇಲ್ಲಿನ ಕನ್ನಡದ ಅಪ್ಪ ಅಮ್ಮಂದಿರು ಇಂಥ ಕಾಗದ ಮನೆಗೆ ಬಂದರೆ ಹೆದರುತ್ತಾರೆ; ಮಗನ ಫೈಲಿಗೆ ಕಪ್ಪುಚುಕ್ಕೆ ಬಿತ್ತೆಂದು ಪರಿಚಿತರೊಬ್ಬರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದರು. ಮೌಲ್ಯಮಾಪನಕ್ಕೆ ನಿಮ್ಮ ಲಿಖಿತ ಒಪ್ಪಿಗೆ ಬೇಕು, ಫಲಿತಾಂಶ ಒಪ್ಪಿಗೆಯಾಗದಿದ್ದರೆ ಸ್ವತಂತ್ರ ಮೌಲ್ಯಮಾಪನ ಕೇಳಬಹುದು, ಐಇಪಿ ಸಭೆಯಲ್ಲಿ ಇಂಗ್ಲಿಷು ತೊಡಕಾದರೆ ಕನ್ನಡ ದುಭಾಷಿಯನ್ನು ಒದಗಿಸುವ ಹೊಣೆ ಶಾಲೆಯದು ಎಂದು ಅವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆಯಲ್ಲೂ ಅವನು ರಂಪ ಮಾಡುವುದು ಹೋಮ್‌ವರ್ಕಿಗೆ ಕೂತಾಗಲೇ, ಅದನ್ನೂ ಬರೆದುಕೊಡಬಹುದೇ ಎಂದು ಕೇಳಿದರು.