ಪಡುವಣದ ಗೋಡೆ

ಅಮೆರಿಕದ ಅರಿಜೋನ ರಾಜ್ಯದ ಮರುಭೂಮಿಯ ನಗರ ಫೀನಿಕ್ಸ್‌ಗೆ ಬಂದ ಮೊದಲ ವರ್ಷ ನಾವು ಬಾಡಿಗೆಗೆ ಹಿಡಿದ ಮನೆಗೆ ಪಶ್ಚಿಮದ ಕಡೆ ದೊಡ್ಡದೊಂದು ಕಿಟಕಿ ಇತ್ತು. ಮನೆ ನೋಡಲು ಹೋದದ್ದು ಜನವರಿಯ ಸಂಜೆ. ಆ ಕಿಟಕಿಯ ಮುಂದೆ ನಿಂತೇ ಕರಾರಿಗೆ ಒಪ್ಪಿಕೊಂಡೆವು. ಮೇ ಮುಗಿಯುವಷ್ಟರಲ್ಲಿ ಅದಕ್ಕೆ ಪರದೆ ಬಂತು, ಪರದೆಯ ಹಿಂದೆ ಕಂಬಳಿ ಬಂತು, ಕಂಬಳಿಯ ಹಿಂದೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯೂ ಬಂತು. ಜೂನ್ ತಿಂಗಳಲ್ಲಿ ಆ ಗಾಜು ಮುಟ್ಟಿದರೆ ಕಾದ ಹೆಂಚು. ನಾನು ವಾಸ್ತುಶಿಲ್ಪ ಓದಿದವನು. ಪಶ್ಚಿಮದ ಬಿಸಿಲಿನ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಅಂಕ ಗಿಟ್ಟಿಸಿದವನು. ಅದರ ಅರ್ಥ ಮೈಗೆ ಹತ್ತಿದ್ದು ಮಾತ್ರ ಆ ಬೇಸಿಗೆಯಲ್ಲಿ.

ಈಗ ನನ್ನ ಕೆಲಸ ಪಕ್ಕದ ಸ್ಕಾಟ್ಸ್‌ಡೇಲ್‌ನಲ್ಲಿ. ಮ್ಯಾಕ್‌ಡೊವೆಲ್ ಬೆಟ್ಟಗಳ ತಪ್ಪಲಿನಲ್ಲಿ ಸಿರಿವಂತರು ಕಟ್ಟಿಸುವ ಮನೆಗಳಿಗೆ ನಕ್ಷೆ ಮಾಡುವ ಚಿಕ್ಕ ಕಚೇರಿ ನಮ್ಮದು. ಬರುವವರಲ್ಲಿ ಹೆಚ್ಚಿನವರು ಉತ್ತರದ ಹಿಮದ ಊರುಗಳಿಂದ ನಿವೃತ್ತರಾಗಿ ಬಂದವರು. ಎಲ್ಲರೂ ಜಾಗ ಕೊಳ್ಳುವುದು ಫೆಬ್ರವರಿಯಲ್ಲಿ. ಎಲ್ಲರ ಮೊದಲ ಬೇಡಿಕೆಯೂ ಒಂದೇ: ಇಡೀ ಕಣಿವೆ, ಸೂರ್ಯಾಸ್ತ, ರಾತ್ರಿ ಊರಿನ ದೀಪಗಳು ಕಾಣುವಂತೆ ಪಶ್ಚಿಮಕ್ಕೆ ಉದ್ದನೆಯ ಗಾಜಿನ ಗೋಡೆ. ಕಳೆದ ಬಾರಿ ಬಂದ ದಂಪತಿ ಕೇಳಿದ್ದು 40 ಅಡಿ.

ಇಲ್ಲಿಯ ಬೇಸಿಗೆಯನ್ನು ಊರಿನವರಿಗೆ ಫೋನಿನಲ್ಲಿ ವಿವರಿಸಲು ಹೋಗಿ ಸೋತಿದ್ದೇನೆ. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ, ಸತತ 31 ದಿನ, ಫೀನಿಕ್ಸ್‌ನ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು ಅಥವಾ ದಾಟಿತು. ನಮ್ಮ ಲೆಕ್ಕದಲ್ಲಿ 43 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ಅಮೆರಿಕದ ಹೆಚ್ಚಿನ ರಾಜ್ಯಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಸಂಜೆಯ ಬೆಳಕನ್ನು ಹಿಗ್ಗಿಸಿಕೊಳ್ಳುತ್ತವೆ. ಅರಿಜೋನ 1968ರಿಂದ ಆ ಗೋಜಿಗೇ ಹೋಗಿಲ್ಲ. ರಾಜ್ಯದೊಳಗಿನ ನವಾಹೊ ಮೂಲನಿವಾಸಿಗಳ ನಾಡು ಮಾತ್ರ ಇದಕ್ಕೆ ಹೊರತು. ಸಂಜೆಯ ಬಿಸಿಲು ಇನ್ನೊಂದು ಗಂಟೆ ಯಾರಿಗೆ ಬೇಕು?

ದಕ್ಷಿಣದ ಗೋಡೆ ಸುಲಭ. ಕರ್ನಾಟಕದಲ್ಲಿ ಸೂರ್ಯ ವರ್ಷಕ್ಕೆರಡು ಸಲ ನೆತ್ತಿಗೆ ಬರುತ್ತಾನೆ, ಇಲ್ಲಿ ಎಂದೂ ಬರುವುದಿಲ್ಲ. ಮಧ್ಯಾಹ್ನ ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ. ಜೂನ್ ನಡುವಿನ ಮಧ್ಯಾಹ್ನ ಸುಮಾರು 80 ಡಿಗ್ರಿ ಎತ್ತರ, ಡಿಸೆಂಬರ್‌ನಲ್ಲಿ 33 ಡಿಗ್ರಿ. ಎರಡೇ ಅಡಿ ಸಜ್ಜಾ ಹಾಕಿದರೆ ಜೂನ್ ಮಧ್ಯಾಹ್ನ 11 ಅಡಿ ಗೋಡೆ ನೆರಳಿನಲ್ಲಿ ನಿಲ್ಲುತ್ತದೆ, ಚಳಿಗಾಲದಲ್ಲಿ ಬಿಸಿಲು ಒಳಗೆ ಬಂದು ನೆಲ ಬೆಚ್ಚಗಾಗುತ್ತದೆ. ಪಶ್ಚಿಮಕ್ಕೆ ಈ ಉಪಾಯ ನಡೆಯುವುದಿಲ್ಲ. ಜೂನ್ ಸಂಜೆ 6 ಗಂಟೆಗೆ ಸೂರ್ಯ ದಿಗಂತದಿಂದ 19 ಡಿಗ್ರಿಯೂ ಮೇಲಿರುವುದಿಲ್ಲ. 10 ಅಡಿ ಎತ್ತರದ ಗಾಜಿಗೆ 14 ಅಡಿ ಮುಂಚಾಚಿದ ಚಾವಣಿ ಕೊಟ್ಟರೂ ನೆರಳಾಗುವುದು ಮೇಲಿನ 5 ಅಡಿ ಮಾತ್ರ. ಗಾಜು ಎಷ್ಟೇ ದುಬಾರಿಯದಾಗಿರಲಿ, ಮೂರು ಪದರದ್ದಾಗಿರಲಿ, ನೇರ ಬಿಸಿಲಿನ ಮುಂದೆ ನಿಂತ ಗಾಜು ಗೋಡೆಯಾಗುವುದಿಲ್ಲ. ಸಾಲದೆಂಬಂತೆ ಜೂನ್‌ನ ಸೂರ್ಯ ನೇರ ಪಶ್ಚಿಮಕ್ಕೂ ಮುಳುಗುವುದಿಲ್ಲ, 28 ಡಿಗ್ರಿ ಉತ್ತರಕ್ಕೆ ಸರಿದು ವಾಯವ್ಯದ ಮೂಲೆಯನ್ನೂ ತಡಕುತ್ತಾನೆ.

ಇಷ್ಟನ್ನೂ ನಾನು ಆ ದಂಪತಿಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ಯಜಮಾನರು ಸೌಜನ್ಯದಿಂದ ಕೇಳಿಸಿಕೊಂಡರು. ಕೊನೆಗೆ ಮೊಬೈಲ್ ತೆರೆದು, ಉದ್ದಕ್ಕೂ ಗಾಜೇ ಇರುವ ಮರುಭೂಮಿಯ ಮನೆಯೊಂದರ ಚಿತ್ರ ತೋರಿಸಿ, "ಇದು ಹೇಗೆ ನಿಂತಿದೆ?" ಎಂದರು. ನಿಂತಿದೆ, ಏರ್ ಕಂಡೀಷನರ್ ಹೆಗಲ ಮೇಲೆ. ದುಡ್ಡಿದ್ದವರಿಗೆ ನೆರಳು ಮಾರುವುದು ಕಷ್ಟ. ನೆರಳು ಫೋಟೊದಲ್ಲಿ ಕಾಣುವುದಿಲ್ಲ.

ಇಂಥ ಮಾತಿನ ನಡುವೆ ಯಾರಾದರೂ ಟ್ಯಾಲಿಯೆಸಿನ್ ವೆಸ್ಟ್ ಹೆಸರು ಎತ್ತಿಯೇ ಎತ್ತುತ್ತಾರೆ. ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1937ರಲ್ಲಿ ಇದೇ ತಪ್ಪಲಿನಲ್ಲಿ ಕಟ್ಟತೊಡಗಿದ, 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ನೆಲೆ ಅದು. ಅಲ್ಲೇ ಬಿದ್ದಿದ್ದ ಕಲ್ಲುಗಳನ್ನು ಹಲಗೆಯ ಅಚ್ಚಿನಲ್ಲಿ ಜೋಡಿಸಿ ಕಾಂಕ್ರೀಟ್ ತುಂಬಿದ ಗೋಡೆಗಳು, ಮೊದಲಿಗೆ ಕ್ಯಾನ್ವಾಸ್ ಬಟ್ಟೆಯ ಚಾವಣಿ. ಬೆಟ್ಟ ಯಾವುದು, ಗೋಡೆ ಯಾವುದು ಎಂದು ದೂರದಿಂದ ತಿಳಿಯುವುದಿಲ್ಲ. ನಾನೂ ಅದರ ಮುಂದೆ ಬೆರಗಾಗಿ ನಿಂತವನೇ. ಆದರೆ ಅದು ಚಳಿಗಾಲದ ಬಿಡಾರ. ಬೇಸಿಗೆಗೆ ಮುಂಚೆ ರೈಟ್ ಶಿಷ್ಯರ ಸಮೇತ ವಿಸ್ಕಾನ್ಸಿನ್‌ಗೆ ಹೊರಟುಬಿಡುತ್ತಿದ್ದ. ಬೇಸಿಗೆಯ ಪಾಠ ಬೇಕಾದವರು ಒಂದು ಗಂಟೆ ಆಗ್ನೇಯಕ್ಕೆ ಕಾರು ಓಡಿಸಿ, ಇಲ್ಲಿಯ ಪ್ರಾಚೀನ ಮೂಲನಿವಾಸಿಗಳಾದ ಹೊಹೊಕಾಮ್ ಜನರು ಸುಮಾರು 1350ರಲ್ಲಿ ಕಟ್ಟಿದ ಕಾಸಾ ಗ್ರಾಂಡೆ ಎಂಬ ಕಟ್ಟಡವನ್ನು ನೋಡಬೇಕು. ಸುಣ್ಣ ಸೇರಿ ಗಟ್ಟಿಗಟ್ಟಿದ ಕ್ಯಾಲೀಚಿ ಮಣ್ಣಿನ ಗೋಡೆ, ಬುಡದಲ್ಲಿ 4 ಅಡಿ ದಪ್ಪ, ತೆರಪುಗಳು ಅಂಗೈಯಲ್ಲಿ ಎಣಿಸುವಷ್ಟು.

ಹಾಗೆಂದು ದಪ್ಪ ಮಣ್ಣಿನ ಗೋಡೆ ಎಬ್ಬಿಸಿದರೆ ಎಲ್ಲ ಮುಗಿಯಿತೆಂದು ನಾನೂ ಮೊದಲು ನಂಬಿದ್ದೆ. ಹದವಾದ ಮಣ್ಣಿಗೆ ಒಂದಿಷ್ಟು ಸಿಮೆಂಟ್ ಬೆರೆಸಿ ಪದರ ಪದರವಾಗಿ ಗುದ್ದಿ ಕಟ್ಟುವ ಗೋಡೆಗಳು ಈಗ ಇಲ್ಲಿಯ ದೊಡ್ಡ ಮನೆಗಳಲ್ಲಿ ಫ್ಯಾಷನ್. ಅವು ಹಗಲಿನ ಶಾಖವನ್ನು ನುಂಗಿಕೊಂಡು ರಾತ್ರಿ ಹೊರಗೆ ಬಿಡುತ್ತವೆ. ಬಿಡಬೇಕಾದರೆ ರಾತ್ರಿ ತಂಪಾಗಬೇಕಲ್ಲ. 2023ರ ಜುಲೈನಲ್ಲಿ ಫೀನಿಕ್ಸ್ ನಗರದಲ್ಲಿ ಸತತ 16 ರಾತ್ರಿ ತಾಪಮಾನ 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಲೇ ಇಲ್ಲ. ಹಗಲೆಲ್ಲ ಕಾದ ಡಾಂಬರು ಮತ್ತು ಕಾಂಕ್ರೀಟು ರಾತ್ರಿಯನ್ನೂ ಕಾಯಿಸುತ್ತವೆ. ಸಾಲ ತೀರಿಸದ ಗೋಡೆ ಮರುದಿನ ಮತ್ತೆ ಸಾಲ ಮಾಡುತ್ತದೆ. ಹಾಗಾಗಿ ಈಗ ನಾವು ಇಂಥ ಗೋಡೆಯ ನಡುವೆ ಶಾಖನಿರೋಧಕ ಪದರ ಇಡುತ್ತೇವೆ, ಮತ್ತು ಗೋಡೆಗೇ ನೆರಳು ಹುಡುಕುತ್ತೇವೆ.

ಬಿಳಿ ಬಣ್ಣ ಬಳಿದರಾಯಿತಲ್ಲ ಎಂದು ಊರಿನ ಸ್ನೇಹಿತರು ಕೇಳುತ್ತಾರೆ. ಸ್ಕಾಟ್ಸ್‌ಡೇಲ್ ನಗರವು 1991ರಲ್ಲಿ ಬೆಟ್ಟದ ಕಡೆಯ ಸೂಕ್ಷ್ಮ ಪ್ರದೇಶಕ್ಕೆಂದೇ ಕಾನೂನು ತಂದಿದೆ. ಅದರಂತೆ ಹೊರಗೋಡೆಯ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 35ಕ್ಕಿಂತ ಹೆಚ್ಚನ್ನು ಹಿಂದಿರುಗಿಸಬಾರದು. ಮನೆ ಮರುಭೂಮಿಯಲ್ಲಿ ಎದ್ದು ಕಾಣದೆ ಬೆರೆಯಬೇಕು. ಹವಾಮಾನ ಬಿಳಿ ಬೇಡುತ್ತದೆ, ಭೂದೃಶ್ಯ ಕಂದು ಬೇಡುತ್ತದೆ. ಎರಡಕ್ಕೂ ಹೊಂದುವ ಮನೆ ಎಂದು ಜಾಹೀರಾತುಗಳಲ್ಲಿ ಒಂದೇ ಉಸಿರಿನಲ್ಲಿ ಹೇಳುವುದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ.

ನೀರಿನ ಮಾತು ಬೇರೆಯೇ ಇದೆ. ವರ್ಷಕ್ಕೆ ಸುಮಾರು 180 ಮಿಲಿಮೀಟರ್ ಮಳೆ. ಅದರಲ್ಲಿ ಬೇಸಿಗೆಯ ಮಳೆಗೆ ಇಲ್ಲಿಯೂ ಮಾನ್ಸೂನ್ ಎಂದೇ ಹೆಸರು, ಜೂನ್ 15ರಿಂದ ಸೆಪ್ಟೆಂಬರ್ 30. ಉಳಿದಂತೆ ಒಣಗಿ ಬಿದ್ದಿರುವ ಹಳ್ಳ ಅರ್ಧ ಗಂಟೆಯ ಮಳೆಗೆ ಕಾರನ್ನೇ ಹೊತ್ತೊಯ್ಯಬಲ್ಲದು. ಆದ್ದರಿಂದ ನಕ್ಷೆಯಲ್ಲಿ ಮೊದಲು ಗೆರೆ ಬೀಳುವುದು ಹಳ್ಳಕ್ಕೆ, ಆಮೇಲೆ ಮನೆಗೆ.

ಕಡೆಗೆ ಆ 40 ಅಡಿ ಗಾಜು ಏನಾಯಿತು ಎಂದರೆ, ಅದನ್ನು ಬಿಡಿಸಿದ್ದು ನನ್ನ ಗೆರೆಗಳಲ್ಲ. ನಕ್ಷೆಗೆ ಸಹಿ ಹಾಕಲು ಅವರು ಜುಲೈನಲ್ಲಿ ಬಂದರು. ನನ್ನ ಹಿರಿಯ ಸಹೋದ್ಯೋಗಿ ಸಭೆಯನ್ನು ಬೇಕೆಂದೇ ಸಂಜೆ ಐದೂವರೆಗೆ, ಆ ಖಾಲಿ ಜಾಗದಲ್ಲಿಯೇ, ಇಟ್ಟುಕೊಂಡರು. ಹತ್ತು ನಿಮಿಷಕ್ಕೆ ಯಜಮಾನರು ಕಾರಿನೊಳಗೆ ಕುಳಿತರು. ಅವರ ಪತ್ನಿ ಮಾತ್ರ ಪಾಲೊ ವೆರ್ಡೆ ಮರದ ಚುಕ್ಕಿ ಚುಕ್ಕಿ ನೆರಳಿನಲ್ಲಿ ನಿಂತು, "ಇಲ್ಲಿ ಪರವಾಗಿಲ್ಲ" ಎಂದರು. ಈಗಿನ ನಕ್ಷೆಯಲ್ಲಿ ಪಶ್ಚಿಮಕ್ಕೆ 9 ಅಡಿಯ ಒಂದೇ ತೆರಪು. ಅದರಾಚೆ ಗೋಡೆಗಳಿಲ್ಲದ, ಆಳವಾದ ಚಪ್ಪರ. ಇಲ್ಲಿಯವರು ಅದನ್ನು ರಮಾಡ ಎನ್ನುತ್ತಾರೆ. ಈ ನೆಲದ ಓಧಾಮ್ ಜನ ಸವಾರೊ ಎಂಬ ಎತ್ತರದ ಕಳ್ಳಿಯ ಒಳಗಿನ, ಪಕ್ಕೆಲುಬಿನಂಥ ಒಣ ಕಡ್ಡಿಗಳನ್ನು ಹೊದೆಸಿ ಇಂಥದ್ದನ್ನು ಬಹಳ ಹಿಂದಿನಿಂದ ಕಟ್ಟಿಕೊಂಡು ಬಂದಿದ್ದಾರೆ. ಸೂರ್ಯಾಸ್ತ ನೋಡುವವರು ಎದ್ದು ಹೊರಗೆ ಹೋಗಿ ಕುಳಿತು ನೋಡಬೇಕು.

ಆ ಸವಾರೊ ಇಲ್ಲಿ ಕಾನೂನಿನ ರಕ್ಷಣೆ ಇರುವ ಗಿಡ. ತೋಳು ಒಡೆಯಲು 50ರಿಂದ 75 ವರ್ಷ ಬೇಕು, ಅನುಮತಿಯಿಲ್ಲದೆ ಅಲುಗಿಸುವಂತಿಲ್ಲ. ನಮ್ಮ ಕಾರುದಾರಿಗೆ ಅಡ್ಡವಾಗಿ ಒಂದು ನಿಂತಿತ್ತು, ಆಳೆರಡು ಎತ್ತರ. ಅದನ್ನು ಸಾಗಿಸಲು ಬಂದ ತಂಡದ ಮೇಸ್ತ್ರಿ ಅಗೆಯುವ ಮೊದಲು ಅದರ ಉತ್ತರದ ಬದಿಗೆ ಬಣ್ಣದ ಗುರುತು ಹಾಕಿದ. ಹೊಸ ಗುಂಡಿಯಲ್ಲಿಯೂ ಅದೇ ಬದಿ ಉತ್ತರಕ್ಕೆ ಬರಬೇಕಂತೆ. ಇಷ್ಟು ವರ್ಷ ನೆರಳಿನಲ್ಲಿದ್ದ ಆ ಬದಿಯ ತೊಗಟೆಯನ್ನು ಬಿಸಿಲಿಗೆ ತಿರುಗಿಸಿದರೆ ಕಳ್ಳಿಯಾದರೂ ಸುಟ್ಟುಹೋಗುತ್ತದೆ. ಕ್ರೇನಿನಲ್ಲಿ ತೂಗುತ್ತಿದ್ದ ಅದನ್ನು ನಾಲ್ಕು ಜನ ಇಂಚಿಂಚಾಗಿ ತಿರುಗಿಸಿ ನಿಲ್ಲಿಸಿದರು.

ಬದುಕುತ್ತದೆಯೇ ಎಂದು ಕೇಳಿದೆ. ಒಳಗೆ ಕೂಡಿಟ್ಟ ನೀರಿನಲ್ಲಿ ಅದು ಕೆಲವು ವರ್ಷ ಹಸಿರಾಗಿಯೇ ನಿಂತಿರುತ್ತದೆ, ಸತ್ತಿದ್ದರೂ ತಿಳಿಯುವುದಿಲ್ಲ ಎಂದ. ಮನೆ ಮುಂದಿನ ವರ್ಷದ ಕೊನೆಗೆ ಮುಗಿಯಬೇಕು.