ಜೀಪಿನ ಕ್ಲಚ್ ತೆಗೆದ ಮೇಲೆ ಕಾರ್ಬುರೇಟರ್ ಕಥೆ

ಜೀಪಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿದ್ದೇವೆ ಅಂದ ಕೂಡಲೇ ಜನ ಕೇಳುವುದು ಎರಡೇ ಪ್ರಶ್ನೆ. ಗೇರ್‌ಬಾಕ್ಸ್ ಎಲ್ಲಿ ಸಿಕ್ಕಿತು, ಎಷ್ಟಾಯಿತು. ಎಂಜಿನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಕಾರ್ಬುರೇಟರಿಗೆ ಏನು ಮಾಡಿದಿರಿ ಅಂತ ಇಷ್ಟರವರೆಗೆ ಒಬ್ಬರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಗೇರ್‌ಬಾಕ್ಸ್ ಕೂರಿಸುವುದು ಬರೀ ಮೈ ಬೆವರಿನ ಕೆಲಸ. ಮೌಂಟು, ಪ್ರೊಪೆಲ್ಲರ್ ಶಾಫ್ಟಿನ ಅಳತೆ, ಒಂದಿಷ್ಟು ವೆಲ್ಡಿಂಗ್, ಆಯಿಲ್ ಕೂಲರಿಗೆ ಪೈಪು, ಅಲ್ಲಿಗೆ ಮುಗೀತು. ತಲೆ ತಿಂದದ್ದು ಕಾರ್ಬುರೇಟರ್. ಇವತ್ತು ಅದರದ್ದು ಮಾತ್ರ ಬರೆಯುತ್ತೇನೆ.

ಗಾಡಿ ಮಾವನದ್ದು. ಹಳೆ ಮಹೀಂದ್ರಾ ಜೀಪು, ಟೂ ವೀಲ್ ಡ್ರೈವ್. ಪೆರ್ಲದ ಹತ್ತಿರ ಗುಡ್ಡೆ ಮೇಲೆ ಮನೆ, ಕೆಳಗೆ ಅಡಿಕೆ ತೋಟ, ನಡುವೆ ಕೆಂಪು ಕಲ್ಲಿನ ಚಡಾವು. ಗೊಬ್ಬರ ಇಳಿಸಲಿಕ್ಕೆ, ಅಡಿಕೆ ಏರಿಸಲಿಕ್ಕೆ ಅದೇ ಜೀಪು. ಒಳಗಿರುವುದು ಟೊಯೋಟಾದ 22ಆರ್ ಎಂಜಿನ್. ನಾಲ್ಕು ಸಿಲಿಂಡರ್, 2366 ಸಿಸಿ, ಪೆಟ್ರೋಲು, ಮೇಲೆ ಎರಡು ಬ್ಯಾರಲಿನ ಐಸಾನ್ ಕಾರ್ಬುರೇಟರ್. ಗಲ್ಫಿನಲ್ಲಿ ಹಳೆ ಹೈಲಕ್ಸ್ ಓಡಿಸಿದವರು ನಮ್ಮ ಕಾಸರಗೋಡಿನಲ್ಲಿ ಬೇಕಾದಷ್ಟಿದ್ದಾರೆ, ಅವರಿಗೆ ಈ ಎಂಜಿನ್ ಬಗ್ಗೆ ನಾನು ಹೇಳಬೇಕಾಗಿಲ್ಲ. ಮಾವನ ಎಡಗಾಲಿನ ಗಂಟು ಕೈಕೊಟ್ಟ ಮೇಲೆ ಕ್ಲಚ್ ಮೆಟ್ಟುವುದೇ ಕಷ್ಟವಾಯಿತು. ಮಾರಿಬಿಡಿ ಮಾವ, ಒಂದು ಸಣ್ಣ ಆಟೋಮ್ಯಾಟಿಕ್ ಕಾರು ತಗೊಳ್ಳಿ ಅಂದೆ. "ಜೀಪು ಇರಲಿ, ನೀನು ಕ್ಲಚ್ ತೆಗಿ" ಅಂದರು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಜೀಪು ಈಗ ಡಾಂಬರು ರಸ್ತೆಗೆ ಇಳಿಯುವುದಿಲ್ಲ, ಮಾವನ ಜಾಗದ ಒಳಗೆ ಮಾತ್ರ. ಕಂಪೆನಿ ಕೊಟ್ಟ ಮೂಲ ಸ್ವರೂಪವನ್ನು ಬೇಕಾದ ಹಾಗೆ ಬದಲಾಯಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದು ಕೇರಳದಿಂದಲೇ ಹೋದ ಕೇಸು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದದೆ ಇಂಥ ಕೆಲಸಕ್ಕೆ ಕೈ ಹಾಕಬೇಡಿ. ನನ್ನನ್ನು ನೋಡಿ ಮಾಡಿದೆ ಅಂತ ಆಮೇಲೆ ಹೇಳಬೇಡಿ ಕೂಡ.

ಈಗ ವಿಷಯಕ್ಕೆ ಬರೋಣ. ನಾವು ಹಾಕಿದ್ದು ಟೊಯೋಟಾದ್ದೇ ಎ43ಡಿ, ನಾಲ್ಕು ಗೇರಿನದ್ದು. ಇದು ಕಂಪ್ಯೂಟರ್ ಗೇರ್‌ಬಾಕ್ಸ್ ಅಲ್ಲ, ಆಯಿಲ್ ಪ್ರೆಶರಿನ ಲೆಕ್ಕದಲ್ಲಿ ಗೇರ್ ಬದಲಾಯಿಸುತ್ತದೆ. ಗಾಡಿ ಎಷ್ಟು ಸ್ಪೀಡಿನಲ್ಲಿದೆ ಅನ್ನುವುದು ಒಳಗಿರುವ ಗವರ್ನರ್ ಅನ್ನುವ ಭಾಗದಿಂದ ಗೊತ್ತಾಗುತ್ತದೆ. ಡ್ರೈವರ್ ಎಷ್ಟು ಆಕ್ಸಿಲರೇಟರ್ ಕೊಟ್ಟಿದ್ದಾನೆ ಅನ್ನುವುದು ಕಾರ್ಬುರೇಟರಿನಿಂದ ಇಳಿದು ಗೇರ್‌ಬಾಕ್ಸಿನ ಒಳಗೆ ಹೋಗುವ ಒಂದು ಕೇಬಲ್‌ನಿಂದ ಗೊತ್ತಾಗುತ್ತದೆ. ಥ್ರಾಟಲ್ ಕೇಬಲ್ ಅಂತ ಅದಕ್ಕೆ ಹೆಸರು. ಥ್ರಾಟಲ್ ಅಂದರೆ ಆಕ್ಸಿಲರೇಟರ್ ಮೆಟ್ಟಿದಾಗ ಕಾರ್ಬುರೇಟರಿನಲ್ಲಿ ತೆರೆಯುವ ಗಾಳಿಯ ಬಾಗಿಲು. ಬರೀ ಕಿಕ್‌ಡೌನ್‌ಗೆ, ಅಂದರೆ ಪೆಡಲ್ ಪೂರ್ತಿ ಮೆಟ್ಟಿದಾಗ ಕೆಳಗಿನ ಗೇರಿಗೆ ಇಳಿಯಲಿಕ್ಕೆ, ಇರುವ ಕೇಬಲ್ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ. ಗೇರ್ ಯಾವಾಗ ಬದಲಾಗಬೇಕು ಅನ್ನುವುದರ ಜೊತೆಗೆ ಗೇರ್‌ಬಾಕ್ಸಿನ ಒಳಗಿನ ಕ್ಲಚ್ ಪ್ಲೇಟುಗಳನ್ನು ಎಷ್ಟು ಬಿಗಿಯಾಗಿ ಒತ್ತಿ ಹಿಡಿಯಬೇಕು ಅನ್ನುವುದೂ ಇದೇ ಕೇಬಲಿನ ಮೇಲೆ ನಿಂತಿದೆ. ಕೇಬಲ್ ಸಡಿಲ ಇದ್ದರೆ ಗಾಡಿ ಬೇಗ ಬೇಗ, ಮೆತ್ತಗೆ ಗೇರ್ ಬದಲಾಯಿಸುತ್ತದೆ, ಓಡಿಸುವವನಿಗೆ ಆಹಾ ಎಷ್ಟು ಸ್ಮೂತ್ ಅನ್ನಿಸುತ್ತದೆ, ಒಳಗೆ ಪ್ಲೇಟುಗಳು ಜಾರಿ ಜಾರಿ ಕರಟುತ್ತಿರುತ್ತವೆ. ಜಾಸ್ತಿ ಬಿಗಿ ಇದ್ದರೆ ಗೇರ್ ತಡವಾಗಿ, ಒದ್ದ ಹಾಗೆ ಬೀಳುತ್ತದೆ. ಎರಡರಲ್ಲಿ ಒಂದಾಗಲೇಬೇಕು ಅಂದರೆ ಒದೆಯುವುದೇ ವಾಸಿ.

ನಮ್ಮ ಕಾರ್ಬುರೇಟರ್ ಮ್ಯಾನುವಲ್ ಗಾಡಿಯದ್ದು. ಅದರಲ್ಲಿ ಈ ಕೇಬಲ್ ಸಿಕ್ಕಿಸಲಿಕ್ಕೆ ಜಾಗವೇ ಇಲ್ಲ. ಆಟೋಮ್ಯಾಟಿಕ್ ಗಾಡಿಯ ಕಾರ್ಬುರೇಟರ್ ಹುಡುಕಿದೆವು. ಸಿಕ್ಕಿದ್ದರ ಥ್ರಾಟಲ್ ಶಾಫ್ಟ್ ಎಷ್ಟು ಸವೆದಿತ್ತೆಂದರೆ ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನುತ್ತಿತ್ತು. ಅಂಥದ್ದಕ್ಕೆ ಹಣ ಹಾಕುವ ಬದಲು ಇದ್ದದ್ದನ್ನೇ ಸರಿ ಮಾಡುವುದು ಅಂತ ತೀರ್ಮಾನವಾಯಿತು.

ನಮ್ಮ ಮೆಕ್ಯಾನಿಕ್ ಇಚ್ಚ ಶಾರ್ಜಾದ ಗ್ಯಾರೇಜಿನಲ್ಲಿ ಬಹಳ ವರ್ಷ ಇದ್ದವರು, ಇಂಥ ಗೇರ್‌ಬಾಕ್ಸುಗಳನ್ನು ಬಿಚ್ಚಿ ಕಟ್ಟಿದವರು. ಥ್ರಾಟಲ್ ಲಿವರಿಗೆ ಒಂದು ತೂತು ಕೊರೆದು ಕೇಬಲ್ ಸಿಕ್ಕಿಸಿದರೆ ಆಗುವುದಿಲ್ಲವಾ ಇಚ್ಚ ಅಂತ ಕೇಳಿದೆ. ಅವರು ಮಾತಾಡಲಿಲ್ಲ, ಒಂದು ಹಾಳೆ ಮೇಲೆ ಲಿವರ್ ಬರೆದು ತೋರಿಸಿದರು. ತೂತಿನಲ್ಲಿ ಸಿಕ್ಕಿಸಿದ ಕೇಬಲ್ ಲಿವರ್ ತಿರುಗಿದ ಹಾಗೆ ಒಂದೇ ಸಮ ಎಳೆಯುವುದಿಲ್ಲ. ಲಿವರಿಗೂ ಕೇಬಲಿಗೂ ನಡುವಿನ ಕೋನ ಬದಲಾಗುತ್ತಾ ಹೋಗುತ್ತದೆ, ಒಂದು ಕಡೆ ಜಾಸ್ತಿ ಎಳೆಯುತ್ತದೆ, ಇನ್ನೊಂದು ಕಡೆ ಕಮ್ಮಿ. ಫುಲ್ ಥ್ರಾಟಲಿನಲ್ಲಿ ಅಳತೆ ಸರಿ ಇದ್ದರೂ ಅರ್ಧ ಥ್ರಾಟಲಿನಲ್ಲಿ ಪ್ರೆಶರ್ ತಪ್ಪಿರುತ್ತದೆ. ನಾವು ದಿನವಿಡೀ ಓಡಿಸುವುದು ಅರ್ಧ ಥ್ರಾಟಲಿನಲ್ಲೇ ಅಲ್ವಾ! ಅದಕ್ಕೇ ಕಂಪೆನಿಯವರು ಅಲ್ಲಿ ಅಂಚಿನಲ್ಲಿ ಗ್ರೂವ್ ಕೊರೆದ ಅರ್ಧಚಂದ್ರದಂಥ ತುಂಡು ಇಡುತ್ತಾರೆ. ಕೇಬಲ್ ಆ ಗ್ರೂವಿನೊಳಗೆ ಸುತ್ತಿಕೊಳ್ಳುವುದರಿಂದ ಎಲ್ಲಿದ್ದರೂ ಡಿಗ್ರಿಗೆ ಇಷ್ಟೇ ಮಿ.ಮೀ. ಅಂತ ಸಮನಾಗಿ ಎಳೆಯುತ್ತದೆ.

ಅದರ ಲೆಕ್ಕ ಸುಲಭ. ಗೇರ್‌ಬಾಕ್ಸಿನಿಂದ ಬಂದ ಕೇಬಲನ್ನು ಕೈಯಲ್ಲಿ ಪೂರ್ತಿ ಎಳೆದು ಎಷ್ಟು ಉದ್ದ ಬರುತ್ತದೆ ಅಂತ ಅಳೆಯಿರಿ. ಥ್ರಾಟಲ್ ಮುಚ್ಚಿದಲ್ಲಿಂದ ಪೂರ್ತಿ ತೆರೆಯುವವರೆಗೆ ಎಷ್ಟು ಡಿಗ್ರಿ ತಿರುಗುತ್ತದೆ ನೋಡಿ. ಉದಾಹರಣೆಗೆ ಕೇಬಲ್ 35 ಮಿ.ಮೀ. ಬರುತ್ತದೆ, ಥ್ರಾಟಲ್ 80 ಡಿಗ್ರಿ ತಿರುಗುತ್ತದೆ ಅಂತಿಟ್ಟುಕೊಳ್ಳಿ. 80 ಡಿಗ್ರಿ ಅಂದರೆ ಸುಮಾರು 1.4 ರೇಡಿಯನ್. 35ನ್ನು 1.4ರಿಂದ ಭಾಗಿಸಿದರೆ 25. ಶಾಫ್ಟಿನ ನಡುವಿನಿಂದ ಗ್ರೂವಿನ ತಳದವರೆಗೆ 25 ಮಿ.ಮೀ. ಇರಬೇಕು, ಅಷ್ಟೇ. ಬದಿಯಡ್ಕದ ಲೇತಿನವರು ಅಲ್ಯುಮಿನಿಯಂ ರೌಂಡ್ ಬಾರಿನಿಂದ ಒಂದು ಪುಲ್ಲಿ ತಿರುಗಿಸಿ, ಅಂಚಿಗೆ ಗ್ರೂವ್ ಹೊಡೆದು, ಬೇಡದ ಭಾಗ ಕತ್ತರಿಸಿ ಕೊಟ್ಟರು. ನಡುವಿನ ತೂತು ಮಾತ್ರ ಉರುಟಲ್ಲ. ಥ್ರಾಟಲ್ ಶಾಫ್ಟಿನ ತುದಿ ಎರಡು ಬದಿ ಚಪ್ಪಟೆ ಇರುತ್ತದೆ, ತೂತೂ ಹಾಗೇ ಇರಬೇಕು, ಇಲ್ಲದಿದ್ದರೆ ನಟ್ ಎಷ್ಟು ಬಿಗಿದರೂ ಒಂದು ದಿನ ತಿರುಗಿಬಿಡುತ್ತದೆ. ಅದನ್ನು ಸಣ್ಣ ಅರ ಹಿಡಿದು ಕೈಯಲ್ಲೇ ಉಜ್ಜಿ ಮಾಡಿದ್ದು. ಸ್ವಲ್ಪ ಉಜ್ಜುವುದು, ಹಾಕಿ ನೋಡುವುದು, ಮತ್ತೆ ಉಜ್ಜುವುದು. ವೆಲ್ಡಿಂಗ್, ಬ್ರೇಜಿಂಗ್ ಅಂತ ಕಾರ್ಬುರೇಟರ್ ಹತ್ತಿರ ಬೆಂಕಿ ತರಲೇಬೇಡಿ, ಶಾಫ್ಟ್ ಸೊಟ್ಟ ಆದರೆ ಮತ್ತೆ ಅದು ಗುಜರಿಗೇ.

ಕೇಬಲಿನ ಹೊರಕವಚ ಹಿಡಿಯುವ ಬ್ರಾಕೆಟ್ ಎಲ್ಲಿ ಕೂರಬೇಕು ಅನ್ನುವುದು ಇನ್ನೊಂದು ವಿಷಯ. ಒಂದು ಜೀಪಿನಲ್ಲಿ ಅದನ್ನು ಬಾಡಿಯ ಶೀಟಿಗೆ ಸ್ಕ್ರೂ ಹೊಡೆದದ್ದನ್ನು ನೋಡಿದ್ದೇನೆ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಅಲ್ಲಾಡುತ್ತದೆ, ಚಡಾವಿನಲ್ಲಿ ಲೋಡು ಬಿದ್ದಾಗ ಒಂದು ಬದಿಗೆ ವಾಲುತ್ತದೆ, ಬಾಡಿ ಅಲ್ಲೇ ಇರುತ್ತದೆ. ಅಂದರೆ ಡ್ರೈವರ್ ಕಾಲು ಅಲ್ಲಾಡಿಸದಿದ್ದರೂ ಕೇಬಲ್ ಎಳೆದು ಬಿಟ್ಟು ಮಾಡುತ್ತಿರುತ್ತದೆ, ಗೇರ್‌ಬಾಕ್ಸಿಗೆ ತಲೆಬುಡ ಅರ್ಥವಾಗುವುದಿಲ್ಲ. ಬ್ರಾಕೆಟ್ ಕಾರ್ಬುರೇಟರಿನ ಸ್ಟಡ್ಡಿಗೇ ಅಥವಾ ಅದರ ಕೆಳಗಿನ ಮ್ಯಾನಿಫೋಲ್ಡಿಗೇ ಕೂರಬೇಕು, ದಪ್ಪ ಪಟ್ಟಿಯದ್ದಾಗಿರಬೇಕು, ಕೇಬಲ್ ಪುಲ್ಲಿಯ ಗ್ರೂವಿಗೆ ನೇರವಾಗಿ ಬರಬೇಕು. ಓರೆ ಎಳೆದರೆ ಥ್ರಾಟಲ್ ಶಾಫ್ಟ್ ಒಂದೇ ಬದಿ ಸವೆದು, ಅಲ್ಲಿಂದ ಕಳ್ಳ ಗಾಳಿ ಒಳಗೆ ಹೋಗಿ, ಐಡ್ಲಿಂಗ್, ಅಂದರೆ ಪೆಡಲಿನಿಂದ ಕಾಲು ತೆಗೆದಾಗ ಎಂಜಿನ್ ಓಡುವ ವೇಗ, ಒಮ್ಮೆ ಏರುತ್ತದೆ ಒಮ್ಮೆ ಇಳಿಯುತ್ತದೆ. ರಿಟರ್ನ್ ಸ್ಪ್ರಿಂಗೂ ಒಂದು ಜಾಸ್ತಿ ಹಾಕಿದೆವು. ಒಂದು ತುಂಡಾದರೆ ಇನ್ನೊಂದಾದರೂ ಥ್ರಾಟಲ್ ಮುಚ್ಚಬೇಕು, ಮಾವ ಇಳಿಯುವ ದಾರಿಯ ಕೊನೆಗೆ ಕೆರೆ ಇದೆ.

ಕೇಬಲ್ ಸೆಟ್ ಮಾಡುವುದು ಐಡ್ಲಿಂಗಿನಲ್ಲಿ ಅಲ್ಲ, ಫುಲ್ ಥ್ರಾಟಲಿನಲ್ಲಿ. ಎಂಜಿನ್ ಆಫ್. ಮಾವನನ್ನು ಸೀಟಿನಲ್ಲಿ ಕೂರಿಸಿ ಪೆಡಲ್ ಕೊನೆವರೆಗೆ ಮೆಟ್ಟಲಿಕ್ಕೆ ಹೇಳಿದೆ. ಕೈಯಲ್ಲಿ ಲಿವರ್ ಎಳೆದು ನೋಡುವುದು ಬೇರೆ, ಪೆಡಲ್ ಮೆಟ್ಟಿ ನೋಡುವುದು ಬೇರೆ. ನಮ್ಮ ಜೀಪಿನಲ್ಲಿ ಪೆಡಲ್ ನೆಲಕ್ಕೆ ತಾಗಿದಾಗ ಥ್ರಾಟಲ್ ಮುಕ್ಕಾಲು ಮಾತ್ರ ತೆರೆದಿತ್ತು! ಇಷ್ಟು ವರ್ಷ ಮುಕ್ಕಾಲು ಎಂಜಿನಿನಲ್ಲೇ ಗೊಬ್ಬರ ಹೊತ್ತದ್ದು. ಮೊದಲು ಪೆಡಲಿನ ರಾಡ್ ಸರಿ ಮಾಡಿ, ಆಮೇಲೆ ಕೇಬಲಿಗೆ ಬಂದೆವು. ಟೊಯೋಟಾ ಕೇಬಲಿನ ಒಳತಂತಿಯ ಮೇಲೆ ಒಂದು ಸಣ್ಣ ಸ್ಟಾಪರ್ ಒತ್ತಿ ಕೂರಿಸಿರುತ್ತಾರೆ. ಥ್ರಾಟಲ್ ಪೂರ್ತಿ ತೆರೆದಾಗ ಹೊರಕವಚದ ರಬ್ಬರಿನ ತುದಿಗೂ ಆ ಸ್ಟಾಪರಿಗೂ ನಡುವೆ 0ದಿಂದ 1 ಮಿ.ಮೀ. ಸಂದು ಇರಬೇಕು. ಅಷ್ಟು ಬರುವವರೆಗೆ ಎರಡು ನಟ್ಟುಗಳನ್ನು ಹಿಂದೆ ಮುಂದೆ ಮಾಡುವುದು. ಇದಾಗದೆ ಗಾಡಿಯನ್ನು ಅಂಗಳದಿಂದ ಹೊರಗೆ ಕೂಡ ತೆಗೆಯಬಾರದು ಅಂತ ಇಚ್ಚನ ಕಟ್ಟಪ್ಪಣೆ. ಸುಮ್ನೆ ಒಂದು ರೌಂಡ್ ನೋಡಿ ಬರುತ್ತೇನೆ ಅಂತ ಹೋದವರ ಗೇರ್‌ಬಾಕ್ಸನ್ನು ಅವರು ಶಾರ್ಜಾದಲ್ಲಿ ಬಿಚ್ಚಿದ್ದಾರಂತೆ, ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿತ್ತಂತೆ.

ಕೇಬಲ್ ಮುಗಿದ ಮೇಲೆ ಐಡ್ಲಿಂಗ್. ಇಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಕ್ಲಚ್ ಇರುವ ಗಾಡಿಯಲ್ಲಿ ಕಾರ್ಬುರೇಟರಿನ ಹುಳುಕನ್ನೆಲ್ಲ ಡ್ರೈವರಿನ ಎಡಗಾಲು ಮುಚ್ಚಿಡುತ್ತದೆ. ಐಡ್ಲಿಂಗ್ ಕಮ್ಮಿ ಇದೆಯಾ, ಕ್ಲಚ್ ಮೆಟ್ಟು. ಪಿಕಪ್‌ನಲ್ಲಿ ತಡವರಿಸುತ್ತದೆಯಾ, ಸ್ವಲ್ಪ ರೇಸ್ ಮಾಡಿ ಕ್ಲಚ್ ಬಿಡು. ನಾವೆಲ್ಲ ಗೊತ್ತಿಲ್ಲದೆಯೇ ಹಾಗೆ ಮಾಡುತ್ತಿರುತ್ತೇವೆ. ಆಟೋಮ್ಯಾಟಿಕ್‌ನಲ್ಲಿ ಆ ಕಾಲಿಗೆ ಕೆಲಸವಿಲ್ಲ. ಡಿಗೆ, ಅಂದರೆ ಮುಂದೆ ಹೋಗುವ ಡ್ರೈವ್ ಗೇರಿಗೆ, ಹಾಕಿದ ಕ್ಷಣದಿಂದ ಕ್ಲಚ್ಚಿನ ಜಾಗದಲ್ಲಿರುವ ಟಾರ್ಕ್ ಕನ್ವರ್ಟರ್ ಎಂಜಿನಿನ ಮೇಲೆ ಭಾರ ಹಾಕಿ ಕೂತಿರುತ್ತದೆ. ನಿನ್ನೆವರೆಗೆ ಚೆನ್ನಾಗಿದ್ದ ಕಾರ್ಬುರೇಟರ್ ಇವತ್ತು ಡಿಗೆ ಹಾಕಿದ ಕೂಡಲೇ ಗಡಗಡ ಅಂದು ಆಫ್.

ಎಲ್ಲರೂ ಮಾಡುವುದು ಐಡ್ಲಿಂಗ್ ಸ್ಕ್ರೂ ಒಳಗೆ ತಿರುಗಿಸುವುದು. ಸ್ವಲ್ಪ ತಿರುಗಿಸಿದರೆ ತೊಂದರೆ ಇಲ್ಲ. ಜಾಸ್ತಿ ತಿರುಗಿಸಿದರೆ ಥ್ರಾಟಲ್ ಪ್ಲೇಟ್ ತೆರೆದು, ಐಡಲ್ ತೂತಿನ ಮೇಲಿನ ತೂತುಗಳಿಂದಲೂ ಪೆಟ್ರೋಲ್ ಬರಲಿಕ್ಕೆ ಶುರುವಾಗುತ್ತದೆ. ಆಗ ಐಡ್ಲಿಂಗಿನ ಪೆಟ್ರೋಲ್ ಹೆಚ್ಚುಕಮ್ಮಿ ಮಾಡುವ ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರೂ ಏನೂ ವ್ಯತ್ಯಾಸವಾಗುವುದಿಲ್ಲ, ಕೀ ತೆಗೆದ ಮೇಲೂ ಎಂಜಿನ್ ಡಬಡಬ ಅಂತ ಓಡುತ್ತಲೇ ಇರುತ್ತದೆ, ಬ್ರೇಕ್ ಬಿಟ್ಟರೆ ಗಾಡಿ ಮುನ್ನುಗ್ಗುತ್ತದೆ. ನಾವು ಬೇರೆ ದಾರಿ ಹಿಡಿದೆವು. ಹಳೆ ಕಾರುಗಳಲ್ಲಿ ಎಸಿ ಹಾಕಿದಾಗ ಐಡ್ಲಿಂಗ್ ಏರಿಸಲಿಕ್ಕೆ ಎಂಜಿನ್ ಗಾಳಿ ಎಳೆಯುವ ಬಲದಿಂದ ಅಲ್ಲಾಡುವ ವ್ಯಾಕ್ಯೂಮ್ ಡಯಾಫ್ರಾಮ್ ಮತ್ತು ಅದಕ್ಕೊಂದು ಕರೆಂಟಿನಲ್ಲಿ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಇರುತ್ತಿತ್ತು, ನೆನಪಿರಬಹುದು. ಅದೇ ಸೆಟ್ ಮಂಗಳೂರಿನ ಬಂದರಿನ ಗುಜರಿಯಲ್ಲಿ ಸಿಕ್ಕಿತು. ಗೇರ್ ಲಿವರಿನ ನ್ಯೂಟ್ರಲ್ ಸ್ವಿಚ್ಚಿನಿಂದ ಒಂದು ರಿಲೇ ಮೂಲಕ ಕರೆಂಟ್ ಕೊಟ್ಟೆವು. ಪಾರ್ಕ್ ಅಥವಾ ನ್ಯೂಟ್ರಲಿನಲ್ಲಿ ಅದು ಸುಮ್ಮನಿರುತ್ತದೆ, ಡಿ ಅಥವಾ ರಿವರ್ಸಿಗೆ ಹಾಕಿದರೆ ಥ್ರಾಟಲನ್ನು ಒಂದು ಕೂದಲೆಳೆ ತೆರೆಯುತ್ತದೆ. ಈಗ ಐಡ್ಲಿಂಗ್ ನ್ಯೂಟ್ರಲಿನಲ್ಲಿ ನಿಮಿಷಕ್ಕೆ 800 ಸುತ್ತಿನ ಹತ್ತಿರ, ಡಿಗೆ ಹಾಕಿದರೂ ಹೆಚ್ಚುಕಮ್ಮಿ ಅಲ್ಲೇ.

ಡ್ಯಾಶ್‌ಪಾಟ್ ಅನ್ನುವ ಇನ್ನೊಂದು ಪುಟ್ಟ ಡಬ್ಬಿ ಬೇಕು. ಕಾಲು ಫಕ್ಕನೆ ತೆಗೆದಾಗ ಥ್ರಾಟಲ್ ಟಪ್ ಅಂತ ಮುಚ್ಚದೆ ಕೊನೆಯ ಸ್ವಲ್ಪ ದೂರ ನಿಧಾನ ಇಳಿಯುವ ಹಾಗೆ ಅದು ತಡೆಯುತ್ತದೆ. ಇಲ್ಲದಿದ್ದರೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದ ಕೂಡಲೇ ಎಂಜಿನ್ ನಿಲ್ಲಬಹುದು. ಆಕ್ಸಿಲರೇಟರ್ ಪಂಪಿನ ರಬ್ಬರೂ ಹೊಸದು ಹಾಕಿ, ಪ್ಲೇಟ್ ಅಲ್ಲಾಡಿದ ಕೂಡಲೇ ಪೆಟ್ರೋಲ್ ಚಿಮ್ಮುವ ಹಾಗೆ ಸೆಟ್ ಮಾಡಿದೆವು. ಮೊದಲು ಸ್ವಲ್ಪ ತಡವಾಗಿ ಚಿಮ್ಮುತ್ತಿತ್ತು, ಕ್ಲಚ್ ಇದ್ದಾಗ ಯಾರಿಗೂ ಗೊತ್ತೇ ಆಗಿರಲಿಲ್ಲ. ನೂರಕ್ಕೆ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಹಳೆ ರಬ್ಬರುಗಳನ್ನು ನಂಬುವ ಹಾಗೂ ಇಲ್ಲ. ಚೋಕ್ ಎಳೆದಿರುವಾಗ ಮಾತ್ರ ಡಿಗೆ ಹಾಕಬೇಡಿ ಅಂತ ಮಾವನಿಗೆ ಹೇಳಿದ್ದೇನೆ. ಆಗ ಎಂಜಿನ್ ಜೋರಾಗಿ ಓಡುತ್ತಿರುತ್ತದೆ, ಗೇರ್ ಬಿದ್ದರೆ ಹಿಂದಿನ ಸೀಟಿನವರ ಸೊಂಟ ಹೋದ ಹಾಗೆಯೇ.

ನಿಮ್ಮ ಗೇರ್‌ಬಾಕ್ಸ್ ಕೇಬಲಿನದ್ದಲ್ಲ, ಎಂಜಿನಿನ ವ್ಯಾಕ್ಯೂಮ್ ನೋಡಿ ಲೋಡ್ ತಿಳಿಯುವ ವ್ಯಾಕ್ಯೂಮ್ ಮಾಡ್ಯುಲೇಟರಿನದ್ದು ಅಂದರೆ ಪುಲ್ಲಿಯ ತಲೆನೋವಿಲ್ಲ. ಹಳೆ ಅಮೆರಿಕನ್ ಟರ್ಬೋ 350ಯಂಥವು ಹಾಗಿರುತ್ತವೆ. ಆದರೆ ಪೈಪನ್ನು ಕಾರ್ಬುರೇಟರಿನ ಮೇಲೆ ಕಂಡ ಕಂಡ ನಿಪ್ಪಲಿಗೆ ಸಿಕ್ಕಿಸಬೇಡಿ. ಡಿಸ್ಟ್ರಿಬ್ಯೂಟರಿಗೆ ಹೋಗುವ ನಿಪ್ಪಲ್ ಸಾಮಾನ್ಯವಾಗಿ ಥ್ರಾಟಲ್ ಪ್ಲೇಟಿನ ಮೇಲಿರುತ್ತದೆ, ಐಡ್ಲಿಂಗಿನಲ್ಲಿ ಅಲ್ಲಿ ವ್ಯಾಕ್ಯೂಮೇ ಇರುವುದಿಲ್ಲ. ಮಾಡ್ಯುಲೇಟರಿಗೆ ಬೇಕಾದ್ದು ನೇರ ಮ್ಯಾನಿಫೋಲ್ಡಿನದ್ದು. ವ್ಯಾಕ್ಯೂಮ್ ಇಲ್ಲ ಅಂದರೆ ಗೇರ್‌ಬಾಕ್ಸ್ ಅದನ್ನು ಫುಲ್ ಲೋಡ್ ಅಂತಲೇ ತಿಳಿಯುತ್ತದೆ.

ಜೀಪು ಈಗ ತೋಟದಿಂದ ಲೋಡು ತುಂಬಿಕೊಂಡು ಫಸ್ಟ್ ಗೇರಿನಲ್ಲಿ ಹತ್ತುತ್ತದೆ, ನಡುವೆ ನಿಲ್ಲಿಸಿ ಮತ್ತೆ ಹೊರಟರೂ ಹಿಂದೆ ಜಾರುವುದು ಬಹಳ ಕಮ್ಮಿ. ಮಾವ ಖುಷಿ. ಉಳಿದದ್ದು ಒಂದು ರಗಳೆ. ಮಧ್ಯಾಹ್ನ ಬಿಸಿ ಎಂಜಿನನ್ನು ಕಾಲು ಗಂಟೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಬೇಗ ಹಿಡಿಯುವುದಿಲ್ಲ, ಕಾರ್ಬುರೇಟರಿನ ಬೌಲಿನ ಪೆಟ್ರೋಲ್ ಕುದಿದು ಒಳಗೆ ಇಳಿದಿರುತ್ತದೆ. ಕಾರ್ಬುರೇಟರ್ ಕೆಳಗೆ ಇನ್ನೂ ದಪ್ಪದ ಇನ್ಸುಲೇಟರ್ ಹಾಕಬೇಕು ಅಂತ ಇಚ್ಚ ಹೇಳುತ್ತಿದ್ದಾರೆ. ಹಾಕಿದರೆ ಕಾರ್ಬುರೇಟರ್ ಅಷ್ಟು ಮೇಲೇರುತ್ತದೆ, ಪೆಡಲಿನ ರಾಡ್ ಮತ್ತೆ ಅಳೆಯಬೇಕು, ಸ್ಟಡ್ ಉದ್ದದ್ದು ಬೇಕು, ಬ್ರಾಕೆಟೂ ಹೊಸದಾಗಿ ಆಗಬೇಕು. ಮಾವನಿಗೆ ಇನ್ನೂ ಹೇಳಿಲ್ಲ.